ರಂಗಮ್ಮಾಳ್ ತವರಿನ ಮೆಣಸಿನ ಬೀಜ

ಮಾರ್ಕಯನ್‌ಕೋಟ್ಟೈಯ ತಮಿಳು ಸೀಮೆಯಲ್ಲಿ ನೆಲೆಸಿದ ಕನ್ನಡ ಮಾತಿನ ನಮ್ಮವರ ಬೀದಿಯಲ್ಲಿ ಮೆಣಸಿನ ಬೀಜ ಮೊಳೆಯದೆ ಹೋದರೆ ಯಾರೂ ಬೀಜವನ್ನು ಅನುಮಾನಿಸುವುದಿಲ್ಲ. ಕಣ್ಣು ಬಿತ್ತು ಎನ್ನುತ್ತಾರೆ, ಇರುವೆ ಹೊತ್ತುಕೊಂಡು ಹೋಯಿತು ಎನ್ನುತ್ತಾರೆ, ಅದೂ ಆಗದಿದ್ದರೆ ಪಕ್ಕದ ಮನೆ ಕೋಳಿಗೆ ಶಾಪ ಹಾಕುತ್ತಾರೆ. ಪಾಪ, ಆ ಕೋಳಿಗಳು ಕಾಳಿಗಿಂತ ಹೆಚ್ಚು ಬೈಗುಳವನ್ನೇ ತಿಂದಿವೆ.

ಅರವತ್ತನಾಲ್ಕನೇ ಇಸವಿಯ ಆಡಿ ತಿಂಗಳು, ಆಷಾಢದ ಹೊತ್ತು. ಊರಿನ ಮಾದರ್ ಸಂಘ, ಅಂದರೆ ಮಹಿಳಾ ಸಂಘದ ಹೆಂಗಸರು ತಮ್ಮ ತಮ್ಮಲ್ಲೇ ಒಂದು ಪಂದ್ಯ ಇಟ್ಟುಕೊಂಡರು. ಸಂತೆಯಿಂದ ಮೆಣಸಿನ ಸಸಿ ತರುವ ಹಾಗಿಲ್ಲ. ಬೀಜವೂ ಮನೆಯದೇ ಆಗಬೇಕು, ಮಡಿಯೂ ಹಿತ್ತಲಿನದೇ ಆಗಬೇಕು. ಸಸಿ ನಾಟಿಗೆ ಬಂದಾಗ ಎಲ್ಲರೂ ಸೇರಿ ಮನೆಮನೆಗೆ ಹೋಗಿ ನೋಡುವುದು, ಯಾರ ಸಸಿ ಗಟ್ಟಿಯಾಗಿದೆಯೋ ಅವರಿಗೆ ಒಂದು ಹಿತ್ತಾಳೆ ಚೊಂಬು.

ಆ ಚೊಂಬು ತನ್ನ ಮನೆಗೇ ಬರುತ್ತದೆ ಎಂದು ರಂಗಮ್ಮಾಳ್ ತೀರ್ಮಾನಿಸಿಬಿಟ್ಟಿದ್ದಳು. ಅವಳ ಹತ್ತಿರ ಇದ್ದದ್ದು ತೇವಾರಂ ಊರಿನ ತವರುಮನೆಯ ಗುಂಡು ಮೆಣಸಿನಕಾಯಿ. ಕುಳ್ಳನೆಯ ಕಾಯಿ, ದಪ್ಪ ಸಿಪ್ಪೆ, ಎರಡು ಹಾಕಿದರೆ ಸಾರು ಕೆಂಪಗೆ ಏಳುತ್ತಿತ್ತು. ಅವಳ ತಾಯಿಗೆ ಅದು ಅಜ್ಜಿಯಿಂದ ಬಂದಿತ್ತು. ತಾಯಿ ಹಿಂದಿನ ವರ್ಷ ತೀರಿಕೊಂಡಳು, ರಂಗಮ್ಮಾಳ್ ತಮ್ಮ ತವರಿನ ಹೊಲಕ್ಕೆ ಹತ್ತಿ ಹಾಕಿದ. ಹಾಗಾಗಿ ಆ ಬೀಜ ಉಳಿದಿದ್ದು ರಂಗಮ್ಮಾಳ್ ಮನೆಯಲ್ಲಿ ಮಾತ್ರ. ತವರಿನ ಬೀಜವನ್ನು ಮಗಳಿಗಲ್ಲದೆ ಹೊರಗೆ ಕೊಡಬಾರದು ಎನ್ನುವುದು ಅವರ ಮನೆತನದ ಕಟ್ಟುಪಾಡು. ಪಕ್ಕದ ಮನೆಯಲ್ಲೇ ಇದ್ದ ಓರಗಿತ್ತಿ ಗೋವಿಂದಮ್ಮಾಳ್ ಬಾಯಿಬಿಟ್ಟು ಕೇಳಿದಾಗಲೂ ಅವಳು ಇಲ್ಲ ಎಂದಿದ್ದಳು.

ಬೀಜದ ಕಾಯಿಯ ಗೊಂಚಲು ಅಡುಗೆಮನೆಯಲ್ಲಿ ಒಲೆಯ ಮೇಲೆ ತೂಗುತ್ತಿತ್ತು. ಹೊಗೆ ಕುಡಿದರೆ ಹುಳ ಹಿಡಿಯುವುದಿಲ್ಲ ಎಂದು ಎಲ್ಲರೂ ಹಾಗೇ ಕಟ್ಟುತ್ತಾರೆ. ರಂಗಮ್ಮಾಳ್ ಗೊಂಚಲು ಬಿಚ್ಚಿ, ಕಾಯಿ ಒಡೆದು, ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ನೆಲದಲ್ಲಿ ಬೀಜ ಚೆಲ್ಲಿ, ಮೇಲೆ ಬೂದಿ ಎರಚಿ, ಬಿಂದಿಗೆಯಿಂದ ನೀರು ಸುರಿದಳು. ಎರಡು ವಾರದಲ್ಲಿ ಗೋವಿಂದಮ್ಮಾಳ್ ಹಿತ್ತಲಲ್ಲಿ ಅವಳ ಮನೆಯ ಬೀಜ ಮೊಳೆತು ಹಸಿರು ಕಾಣಿಸಿತು. ಇವಳ ಹಿತ್ತಲಲ್ಲಿ ಹುಲ್ಲು ಬಿಟ್ಟರೆ ಏನೂ ಏಳಲಿಲ್ಲ. ರಂಗಮ್ಮಾಳ್ ಉಪ್ಪು ನಿವಾಳಿಸಿ ಒಲೆಗೆ ಹಾಕಿದಳು. ಅವಳ ಗಂಡ ಮೂಕಯ್ಯ, ಮನುಷ್ಯರಿಗೆ ದೃಷ್ಟಿ ತೆಗೆಯುವುದನ್ನು ನೋಡಿದ್ದೇನೆ, ಮಣ್ಣಿಗೆ ತೆಗೆಯುವುದನ್ನು ಇವತ್ತೇ ನೋಡಿದ್ದು ಎಂದು ನಕ್ಕ. ಅವಳಿಗೆ ನಗು ಬರಲಿಲ್ಲ.

ಸಂಘದ ಕೆಲಸಕ್ಕೆ ಬರುತ್ತಿದ್ದ ಗ್ರಾಮಸೇವಿಕೆ ತಿಲಗವತಿ ನಮ್ಮವರ ಪೈಕಿಯ ಹುಡುಗಿಯೇ. ಅವಳು ಹಿತ್ತಲು ನೋಡಿದಳು, ಒಳಗೆ ಬಂದು ಅಡುಗೆಮನೆಯ ಸೂರನ್ನೂ ನೋಡಿದಳು.

"ಅತ್ತೆ, ಬೀಜದ ಕಾಯಿ ಎಲ್ಲಿ ಮಡಗಿದ್ರಿ?"

"ಅಡುಪು ಮ್ಯಾಲೆ. ನಮ್ಮಾತ್ತಾನೂ ಅಡುಗೆಮನೇಲೇ ಕಟ್ತಾ ಇದ್ಳು. ಅವಳ ಬೀಜ ಒಂದು ವರ್ಷಾನೂ ಕೈಕೊಡಲಿಲ್ಲ." ತಾಯಿಯನ್ನು ಅವಳು ಆತ್ತಾ ಎಂದೇ ಕರೆಯುತ್ತಿದ್ದಳು.

"ಹೊಗೆ ಹುಳಕ್ಕೆ ಆಗಾದಿಲ್ಲ, ಸರಿ. ಬೆಂಕಿ ಕಾವು ಬೀಜಕ್ಕೇ ಆಗಾದಿಲ್ಲ ಅತ್ತೆ. ಒಳಗೇ ಬೆಂದೋಗಿರ್ತದೆ."

ತವರಿನ ಬೀಜಕ್ಕೆ ಹಾಗೆಂದದ್ದನ್ನು ರಂಗಮ್ಮಾಳ್ ಸಹಿಸಲಿಲ್ಲ. ತಿಲಗವತಿ ವಾದಕ್ಕೆ ಇಳಿಯಲಿಲ್ಲ. ಗೊಂಚಲಲ್ಲಿ ಉಳಿದಿದ್ದ ಒಂದೆರಡು ಕಾಯಿಯ ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಬೆಚ್ಚಗಿರುವ ಮೂಲೆಯಲ್ಲಿ ಇಡಲು ಹೇಳಿದಳು. ಬಟ್ಟೆ ಒಣಗಬಾರದು, ನೀರು ಸೋರಲೂಬಾರದು. ಜೀವ ಇದ್ದರೆ ವಾರ, ಹತ್ತು ದಿನದಲ್ಲಿ ಅದೇ ಹೇಳುತ್ತದೆ ಎಂದಳು. ತಾಯಿಯ ಬೀಜವನ್ನು ಪರೀಕ್ಷೆ ಮಾಡುವುದು ತಾಯಿಯನ್ನೇ ಸಾಕ್ಷಿ ಕೇಳಿದ ಹಾಗಲ್ಲವೇ ಎಂದು ಗೊಣಗುತ್ತಲೇ ರಂಗಮ್ಮಾಳ್ ಬಟ್ಟೆ ಸುತ್ತಿದಳು. ಹೇಳಿದ ಗಡುವು ಕಳೆದು ಬಿಚ್ಚಿದಾಗ ಬೂಷ್ಟು ಹಿಡಿದ ವಾಸನೆ ಬಂತು. ಒಂದು ಬೀಜವೂ ಬಾಯಿ ಬಿಟ್ಟಿರಲಿಲ್ಲ.

ಆಗ ಅವಳಿಗೆ ತವರಿನ ಅಡುಗೆಮನೆ ಕಣ್ಣಿಗೆ ಕಟ್ಟಿತು. ಎತ್ತರದ ಹೆಂಚಿನ ಮನೆ ಅದು. ತಾಯಿ ಗೊಂಚಲು ಕಟ್ಟುತ್ತಿದ್ದದ್ದು ಒಲೆಯಿಂದ ದೂರ, ಆಚೆ ಗೋಡೆಯ ತೊಲೆಗೆ. ತನ್ನದು ಗುಡಿಸಲಿನ ತಗ್ಗು ಸೂರು, ಗೊಂಚಲು ಉರಿಯ ನೇರ ಮೇಲೆ. ತಾಯಿ ಮಾಡಿದ್ದನ್ನೇ ಮಾಡುತ್ತಿದ್ದೇನೆ ಎಂದುಕೊಂಡು ತಾನೇ ತನ್ನ ಕೈಯಾರೆ ಆ ಬೀಜವನ್ನು ಬೇಯಿಸಿದ್ದಳು. ಅವಳು ಅಲ್ಲೇ ಕೂತು ಅತ್ತಳು.

ಬೇರೆ ಎಲ್ಲಾದರೂ ನಾಲ್ಕು ಕಾಯಿ ಉಳಿದಿದೆಯೇ ಎಂದು ತಿಲಗವತಿ ಮೆಲ್ಲಗೆ ಕೇಳಿದಳು. ಉಳಿದಿತ್ತು. ತಾಯಿಯ ಎಲೆಅಡಿಕೆ ಪೆಟ್ಟಿಗೆಯಲ್ಲಿ, ಅವಳ ಸೀರೆಯ ಜೊತೆ ಟ್ರಂಕಿನೊಳಗೆ. ತಾಯಿ ಕೊನೆಗೆ ಒಣಗಿಸಿ ಇಟ್ಟ ಕಾಯಿಗಳು ಅವು. ಆದರೆ ಅದನ್ನು ಒಡೆಯಲು ರಂಗಮ್ಮಾಳ್ ಒಪ್ಪಲಿಲ್ಲ.

"ಅದು ಬೀಜ ಅಲ್ಲ ಕಣೇ ತಿಲಗಾ. ಅದು ನಮ್ಮಾತ್ತಾ."

ಜಗಲಿಯಲ್ಲಿ ಹಗ್ಗ ಹೊಸೆಯುತ್ತಿದ್ದ ಮೂಕಯ್ಯ ಈ ಸಲ ನಗಲಿಲ್ಲ. "ಪೊಟ್ಟಿ ಒಳಗೇ ಮಡಗಿದ್ರೆ ಇನ್ನೆರಡು ವರ್ಷಕ್ಕೆ ಅದೂ ಬರೀ ಹೊಟ್ಟು. ನಿಮ್ಮಾತ್ತಾನ ಇನ್ನೊಂದ್ಸಾರಿ ಕಳ್ಕೊಂತೀಯ ರಂಗಾ?" ಎಂದ.

ರಂಗಮ್ಮಾಳ್ ಟ್ರಂಕಿನಿಂದ ಪೆಟ್ಟಿಗೆ ತೆಗೆದು, ಕಾಯಿಗಳನ್ನು ಸೆರಗಿನ ಮೇಲೆ ಸುರಿದುಕೊಂಡು ಒಂದೊಂದಾಗಿ ಒಡೆದಳು. ಬೀಜ ಹೊಳಪಿನ ಹಳದಿ ಬಣ್ಣಕ್ಕಿತ್ತು. ಕಪ್ಪಾದವನ್ನೂ ಚಪ್ಪಟೆಯಾದವನ್ನೂ ಅವಳೇ ಆರಿಸಿ ತೆಗೆದಳು. ಒಂದು ಚಿಟಿಕೆ ಬೀಜವನ್ನು ಬಟ್ಟೆಯಲ್ಲಿ ಸುತ್ತಿಟ್ಟಳು, ಹೆಚ್ಚುಕಡಿಮೆ ಎಲ್ಲದಕ್ಕೂ ಬಿಳಿ ಮೊಳಕೆ ಬಂತು. ಅವಳು ಆ ಬಟ್ಟೆಯನ್ನು ಅಂಗೈಯಲ್ಲಿಟ್ಟುಕೊಂಡು ಮೂಕಯ್ಯನಿಗೆ ತೋರಿಸಿದಳು.

ಈ ಸಲ ತಿಲಗವತಿ ಹೇಳಿದ ಹಾಗೆ ಬಿಸಿಲು ಬೀಳುವ ಕಡೆ, ನೀರು ನಿಲ್ಲದಂತೆ ಗೇಣೆತ್ತರದ ಮಡಿ ಕಟ್ಟಿದರು. ಜರಡಿ ಹಿಡಿದ ಹಳೇ ಗೊಬ್ಬರ, ಒಂದಿಷ್ಟು ಮರಳು ಬೆರೆಸಿದರು. ಬೆರಳಿನಿಂದ ಗೀಟು ಎಳೆದು, ಉಗುರು ಮುಳುಗುವಷ್ಟೇ ಆಳದಲ್ಲಿ ಬೀಜವನ್ನು ದೂರದೂರ ಬಿಟ್ಟು, ಮೇಲೆ ತೆಳ್ಳಗೆ ಹುಲ್ಲು ಹೊದಿಸಿದರು. ಬಿಂದಿಗೆಗೆ ರಜ. ಬೆಳಗ್ಗೆ ಕೈಯಿಂದ ಚಿಮುಕಿಸಿದರೆ ಸಾಕು. ಮೊಳಕೆ ತಲೆ ಎತ್ತಿದ ಕೂಡಲೇ ಹುಲ್ಲು ಸರಿಸಿದರು, ಒತ್ತಾಗಿ ಎದ್ದ ಕಡೆ ಬಡಕಲನ್ನು ಕಿತ್ತರು. ಕೀಳುವಾಗ ರಂಗಮ್ಮಾಳ್ ಮುಖ ಆಚೆ ತಿರುಗಿಸಿಕೊಂಡಳು. ನಾಟಿಗೆ ಮುಂಚೆ ನೀರು ಕಡಿಮೆ ಮಾಡಿದ್ದರಿಂದ ಸಸಿಯ ಕಾಂಡ ಗಟ್ಟಿಯಾಯಿತು.

ಎರಡು ತಿಂಗಳು ಕಳೆದು ಪುರಟ್ಟಾಸಿಯಲ್ಲಿ ಹೆಂಗಸರು ಮನೆಮನೆ ಸುತ್ತಿದರು. ಚೊಂಬು ಗೋವಿಂದಮ್ಮಾಳಿಗೆ ಹೋಯಿತು. ಮೊದಲೇ ಬಿತ್ತಿದ್ದ ಅವಳ ಸಸಿ ಎತ್ತರವಾಗಿತ್ತು, ಯಾರೂ ತಕರಾರು ಮಾಡಲಿಲ್ಲ. ಆದರೆ ಅವಳು ಚೊಂಬು ಹಿಡಿದುಕೊಂಡು ರಂಗಮ್ಮಾಳ್ ಮಡಿಯ ಹತ್ತಿರವೇ ನಿಂತುಬಿಟ್ಟಳು. ಹಿಂದೆ ಒಮ್ಮೆ ಕೇಳಿ ಇಲ್ಲ ಅನ್ನಿಸಿಕೊಂಡವಳು ಮತ್ತೆ ಹೇಗೆ ಕೇಳಿಯಾಳು?

ರಂಗಮ್ಮಾಳ್ ಬಗ್ಗಿ, ಬೇರಿನ ಮಣ್ಣು ಉದುರದ ಹಾಗೆ ಒಂದು ಹಿಡಿ ಸಸಿ ಎತ್ತಿ ಅವಳ ಕೈಗಿಟ್ಟಳು. "ಹೊರಗೆ ಕೊಡಬಾರ್ದು ಅಂತಾರೆ. ನೀ ಎಲ್ಲಿ ಹೊರಗಿನೋಳು, ತಕ್ಕೋ ಅಕ್ಕಾ," ಎಂದಳು. ಕೇಳಿದ ಇನ್ನೂ ಇಬ್ಬರಿಗೆ ಕೊಟ್ಟು, ಮಿಕ್ಕಿದ್ದನ್ನು ವಾಯ್ಕಾಲಿನ, ಅಂದರೆ ಕಾಲುವೆಯ, ಪಕ್ಕದ ತನ್ನ ಹೊಲದಲ್ಲಿ ನೆಟ್ಟಳು.

ಮರುತಿಂಗಳು ಐಪ್ಪಸಿಯ ಮಳೆ ಆ ವರ್ಷ ಬಿಡದೆ ಹೊಡೆಯಿತು. ವಾಯ್ಕಾಲು ಉಕ್ಕಿ ರಂಗಮ್ಮಾಳ್ ಹೊಲದಲ್ಲಿ ನೀರು ನಿಂತಿತು. ನೀರು ಇಳಿದ ಮೇಲೆ ನೋಡಿದಾಗ ಗಿಡಗಳೆಲ್ಲ ಬುಡ ಕೊಳೆತು ಮಲಗಿದ್ದವು, ಒಂದೂ ಉಳಿದಿರಲಿಲ್ಲ. ಎಲೆಅಡಿಕೆ ಪೆಟ್ಟಿಗೆಯೂ ಖಾಲಿ. ಈ ಮಳೆಗೆ ತಾನು ಕೊಟ್ಟ ಸಸಿಗಳೂ ಉಳಿದಿರಲಾರವು ಎಂದುಕೊಂಡಳು.

ಸಂಕ್ರಾಂತಿ ಬರುವ ತೈ ತಿಂಗಳಲ್ಲಿ ಒಂದು ಬೆಳಗ್ಗೆ ಗೋವಿಂದಮ್ಮಾಳ್ ಮೊರದಲ್ಲಿ ಹಣ್ಣಾದ ಗುಂಡು ಮೆಣಸಿನಕಾಯಿ ತುಂಬಿಕೊಂಡು ಬಂದಳು. ಅವಳ ದಿಬ್ಬದ ಹೊಲದಲ್ಲಿ ನೀರು ನಿಂತಿರಲಿಲ್ಲ. ಮೊರವನ್ನು ಜಗಲಿಯ ಮೇಲಿಟ್ಟು, "ನಿಮ್ಮಾತ್ತಾ ಬಂದವ್ಳೆ, ಒಳಗೆ ಕರ್ಕೋ," ಎಂದಳು. ರಂಗಮ್ಮಾಳ್ ಮೊರ ತಬ್ಬಿಕೊಂಡು ಬಿಕ್ಕಿಬಿಕ್ಕಿ ಅತ್ತಳು. ಆಮೇಲೆ ಇಬ್ಬರೂ ಕೂತು ಬೀಜಕ್ಕಾಗುವ ಕಾಯಿ ಆರಿಸಿ, ನೆರಳಿನಲ್ಲಿ ಹರಡಿದರು.

ಅಕ್ಕಂದಿರೇ, ತಾಯಂದಿರೇ, ಇವತ್ತು ಮನೆಗೆ ಹೋದ ಕೂಡಲೇ ಒಮ್ಮೆ ಒಲೆಯ ಮೇಲೆ ತಲೆ ಎತ್ತಿ ನೋಡಿ. ಬೀಜದ ಗೊಂಚಲು ಉರಿಯ ಮೇಲಿದ್ದರೆ ಇಳಿಸಿ, ನೆರಳಲ್ಲಿ ಒಣಗಿಸಿ, ತಣ್ಣಗಿರುವ ಕಡೆ ಮುಚ್ಚಿಡಿ. ಎಲ್ಲವನ್ನೂ ಮಣ್ಣಿಗೆ ಸುರಿಯುವ ಮುಂಚೆ ಒಂದು ಚಿಟಿಕೆಯನ್ನು ಒದ್ದೆ ಬಟ್ಟೆಯಲ್ಲಿಟ್ಟು ಜೀವ ಇದೆಯೇ ಕೇಳಿ. ಒಳ್ಳೆಯ ಬೀಜ ನಿಮ್ಮ ಹತ್ತಿರ ಇದ್ದರೆ ಒಂದು ಹಿಡಿ ಪಕ್ಕದ ಮನೆಗೆ ಕೊಟ್ಟುಬಿಡಿ, ನಾಳೆ ನಿಮ್ಮ ಹೊಲ ಮುಳುಗಿದರೆ ಅದನ್ನು ಕೇಳಲು ಒಂದು ಬಾಗಿಲಾದರೂ ಇರಬೇಕು.