ಸಾವಿರದ ಆರುನೂರ ಅರವತ್ತೇಳು

ದಸರಾ ರಜೆ ಮುಗಿದು ಶಾಲೆ ತೆರೆದ ದಿನ ಜವರಣ್ಣ ಎಂದಿನಂತೆ ಬೀಗ ತೆಗೆದ. ಅರೇಹಳ್ಳಿಯ ಆ ಪ್ರೌಢಶಾಲೆಗೆ ಇಪ್ಪತ್ತೊಂಬತ್ತು ವರ್ಷದಿಂದ ಅವನೇ ಅಟೆಂಡರ್. ಬೀಗದ ಕೈ ಗೊಂಚಲು ಅವನ ಉಡಿದಾರಕ್ಕೇ ಅಂಟಿಕೊಂಡಿತ್ತು. ಮಲಗುವಾಗಲೂ ಬಿಚ್ಚುವುದಿಲ್ಲ ಈ ಮುದಿಯ ಎಂದು ಹೆಂಡತಿ ಗಿರಿಯಮ್ಮ ಆಡಿಕೊಳ್ಳುತ್ತಿದ್ದಳು.

"ಜವರಣ್ಣ, ರಜೇಲಿ ಕಂಪ್ಯೂಟರ್ ಯಾರಾದ್ರೂ ಮುಟ್ಟಿದ್ರಾ?" ಎಂದು ಕೇಳಿದವಳು ಆಶಾರಾಣಿ. ಆ ವರ್ಷ, ಅಂದರೆ ಎರಡು ಸಾವಿರದ ಎರಡರಲ್ಲಿ, ತಾತ್ಕಾಲಿಕವಾಗಿ ಬಂದ ಕಂಪ್ಯೂಟರ್ ಮೇಡಂ. "ಮೊದಲಿನ ಓಟವೇ ಇಲ್ಲ ಇದರಲ್ಲಿ. ಒಂದು ಪುಟ ತೆರೆಯೋಕೆ ಆಕಳಿಸ್ತಾ ಕೂತಿದೆ ನೋಡಿ."

"ಇಲ್ಲ ಮಿಸ್ಸೋರೇ," ಎಂದುಬಿಟ್ಟ ಜವರಣ್ಣ. ಮುಟ್ಟಿದ್ದವನು ಅವನೇ.

ಅಲ್ಲ, ಮುಟ್ಟದೆ ಇರುವುದು ಹೇಗೆ ಹೇಳಿ? ಆಯುಧಪೂಜೆ. ಗಂಟೆ, ನೀರಿನ ಮೋಟಾರು, ಆಫೀಸಿನ ಟೈಪ್‌ರೈಟರು ಎಲ್ಲವನ್ನೂ ವರ್ಷಾ ವರ್ಷಾ ಬಿಚ್ಚಿ, ಒರೆಸಿ, ಕುಂಕುಮ ಇಡುವವನು ಅವನು. ಹಳೆಯ ವಿದ್ಯಾರ್ಥಿಗಳು ಕೊಡಿಸಿದ ಕಂಪ್ಯೂಟರಿಗೆ ಹೊರಗಿನಿಂದ ಮಾತ್ರ ಬೊಟ್ಟಿಟ್ಟು ಕೈತೊಳೆದುಕೊಳ್ಳಲು ಮನಸ್ಸು ಬರಲಿಲ್ಲ. ಹಿಂದಿನ ಎರಡು ತಿರುಪು ತಿರುಗಿಸಿ, ಪಕ್ಕದ ತಗಡು ಸರಿಸಿ, ಒಳಗಿನ ದೂಳನ್ನು ಬಟ್ಟೆಯಿಂದ ಒರೆಸಿದ. ಆಗ ಎಂಟಾಣೆಯಂಥ ಬಿಲ್ಲೆಯೊಂದು ಟಣ್ ಎಂದು ಹಾರಿ ನೆಲಕ್ಕೆ ಬಿತ್ತು. ಹುಡುಕಿ ಎತ್ತಿ, ಒರೆಸಿ, ಅದಕ್ಕೂ ಒಂದು ಬೊಟ್ಟು ಕುಂಕುಮ ಇಟ್ಟು, ಇದ್ದ ಜಾಗದಲ್ಲೇ ಒತ್ತಿ ಕೂರಿಸಿದ್ದ.

ಅಷ್ಟರಲ್ಲಿ ಹೆಡ್‌ಮಾಸ್ಟರ್ ನಂಜಪ್ಪ ಕನ್ನಡಕ ಏರಿಸಿಕೊಂಡು ಬಂದರು. ಕಂಪ್ಯೂಟರ್ ಡಬ್ಬಕ್ಕೆ ಹಳೆಯ ವಿದ್ಯಾರ್ಥಿಗಳು ಒಂದು ಚೀಟಿ ಅಂಟಿಸಿದ್ದರು. ಲೆಕ್ಕ ಮಾಡುವ ಪ್ರೊಸೆಸರಿನ ವೇಗ ಸಾವಿರದ ಆರುನೂರ ಅರವತ್ತೇಳು ಮೆಗಾಹರ್ಟ್ಸ್ ಎಂದು ಅದರಲ್ಲಿತ್ತು. ಆಶಾರಾಣಿ ಕಂಪ್ಯೂಟರನ್ನು ಮತ್ತೆ ಆರಿಸಿ ಹಚ್ಚಿದಳು. ಪರದೆಯ ಮೇಲೆ ಬಂದದ್ದು ಸಾವಿರದ ಇನ್ನೂರ ಐವತ್ತು.

"ಆಯ್ತಲ್ಲ! ಒಳಗಿನ ಸಾಮಾನು ಎಗರಿಸಿ, ಕಳಪೆ ಮಾಲು ತುರುಕಿದ್ದಾರೆ," ಎಂದರು ನಂಜಪ್ಪ. "ಬೇಲೂರಿನಿಂದ ರಿಪೇರಿಯವನನ್ನ ಕರೆಸಿ. ಅವನು ಹೌದು ಅಂದ್ರೆ ಸಂಜೆ ಒಳಗೆ ಸ್ಟೇಷನ್ನಿಗೆ ಕಂಪ್ಲೇಂಟ್ ಕೊಡ್ತೀನಿ."

ಜವರಣ್ಣ ಮನಸ್ಸಿನಲ್ಲೇ ಕಳೆದು ನೋಡಿದ. ನಾನೂರ ಹದಿನೇಳು ಎಲ್ಲಿಗೆ ಹೋಯಿತು? ನಾನು ಒರೆಸುವಾಗ ಸೋರಿಹೋಯಿತೇ? ಇನ್ನೂ ಏನಾದರೂ ಬಿದ್ದಿತ್ತೇ, ಪೊರಕೆಗೆ ಸಿಕ್ಕಿ ತಿಪ್ಪೆ ಸೇರಿತೇ? ಯಾರಿಗೂ ಕಾಣದಂತೆ ಹೋಗಿ ಕಸದ ಗುಂಡಿ ಕೆದಕಿ ಬಂದ. ಸೀಮೆಸುಣ್ಣದ ಚೂರು, ಬಾಡಿದ ಚೆಂಡುಹೂವು ಬಿಟ್ಟರೆ ಏನೂ ಇರಲಿಲ್ಲ. ಪೊಲೀಸಿನವರ ಏಟಿಗಿಂತ ಅವನಿಗೆ ಭಯವಾದದ್ದು ಕಳ್ಳ ಎಂಬ ಮಾತಿಗೆ. ಅವನ ಕೇರಿಯವನೊಬ್ಬ ಕಳ್ಳ ಎನಿಸಿಕೊಂಡರೆ ಅದು ಒಬ್ಬನಿಗೆ ಅಂಟಿ ಸುಮ್ಮನಾಗುವ ಮಾತಲ್ಲ, ಕೇರಿಗೇ ಅಂಟುತ್ತದೆ. ಆ ಕೇರಿಯಿಂದ ಬಂದವನ ಕೈಗೆ ಶಾಲೆಯ ಬೀಗದ ಕೈ ಸಿಕ್ಕಿದ್ದೇ ಅವನೊಬ್ಬನ ಕಾಲದಲ್ಲಿ.

ವಾಪಸು ಬಂದಾಗ ಆಫೀಸಿನಲ್ಲಿ ಬೇರೆಯೇ ನಡೆದಿತ್ತು.

"ಇದನ್ನ ಬಿಚ್ಚಿ ಹಾಕೋ ವಿದ್ಯೆ ಇಲ್ಲಿ ನಿಮಗೊಬ್ಬರಿಗೇ ಗೊತ್ತಿರೋದು, ಅಲ್ವೇನ್ರೀ?" ನಂಜಪ್ಪ ಆಶಾರಾಣಿಯನ್ನು ನಿಲ್ಲಿಸಿಕೊಂಡು ಕೇಳುತ್ತಿದ್ದರು.

"ಸಾರ್, ನಾನ್ಯಾಕೆ ಸಾರ್..." ಆ ಹುಡುಗಿಯ ಕಣ್ಣಲ್ಲಿ ನೀರು ಬಂತು.

ಜವರಣ್ಣ ಬಾಗಿಲಲ್ಲೇ ನಿಂತ. ಬಾಯಿ ಮುಚ್ಚಿಕೊಂಡಿದ್ದರೆ ಬಚಾವ್. ಥೂ, ಈ ವಯಸ್ಸಿನಲ್ಲಿ ಒಂದು ಹೆಣ್ಣುಮಗಳ ತಲೆಗೆ ಕಟ್ಟಿ ಬಚಾವಾಗುವುದೇ? ಒಳಗೆ ಬಂದು ಮೇಜಿನ ಮುಂದೆ ನಿಂತ.

"ಸಾ, ಮಿಸ್ಸೋರ್ದು ಏನೂ ತಪ್ಪಿಲ್ಲ. ಬಿಚ್ಚಿದ್ದು ನಾನು. ಪೂಜೆಗೆ ಅಂತ ಒರೆಸ್ದೆ. ಒಂದು ಬಿಲ್ಲೆ ಬಿತ್ತು, ಅಲ್ಲೇ ಇಕ್ಕಿದೀನಿ. ನನ್ ಮಕ್ಕಳಾಣೆಗೂ ಇನ್ನೇನೂ ತಗಂಡಿಲ್ಲ ಸಾ."

ನಂಜಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಬೆಳಗ್ಗೆ ಮುಟ್ಟೇ ಇಲ್ಲ ಅಂದ್ಯಂತೆ. ಮೊದಲು ಬೀಗದ ಕೈ ಇಡಯ್ಯಾ ಇಲ್ಲಿ."

ಉಡಿದಾರದ ಗಂಟು ಬಿಗಿದುಹೋಗಿತ್ತು, ಬಿಚ್ಚಲು ಬರಲಿಲ್ಲ. ಕೊನೆಗೆ ದಾರವನ್ನೇ ಕಿತ್ತು ಗೊಂಚಲನ್ನು ಮೇಜಿನ ಮೇಲಿಟ್ಟ.

ಹಳೆಯ ವಿದ್ಯಾರ್ಥಿಗಳಿಗೆ ಈ ಕಂಪ್ಯೂಟರ್ ಜೋಡಿಸಿಕೊಟ್ಟಿದ್ದ ರಿಪೇರಿಯ ರವಿಕುಮಾರ್ ಬೇಲೂರು ಬಸ್ಸಿಳಿದು ಬರುವ ಹೊತ್ತಿಗೆ ನಾಲ್ಕು ಗಂಟೆ. ಅಲ್ಲಿಯವರೆಗೆ ಜವರಣ್ಣ ಗೋಡೆಗೆ ಒರಗಿ ನಿಂತೇ ಇದ್ದ. ಮಧ್ಯಾಹ್ನದ ಗಂಟೆಯನ್ನೂ ಯಾರೋ ಬೇರೆಯವರು ಹೊಡೆದರು. ರವಿಕುಮಾರ್ ಕಂಪ್ಯೂಟರ್ ಹಚ್ಚಿ, ಪರದೆಯ ಮೂಲೆ ನೋಡಿ ಹುಬ್ಬೇರಿಸಿದ.

"ತಾರೀಖು ಒಂದೂವರೆ ವರ್ಷ ಹಿಂದಕ್ಕೆ ಹೋಗಿದೆಯಲ್ಲ ಸಾರ್! ಬ್ಯಾಟರಿ ತೆಗೆದಿದ್ರಾ?" ಎನ್ನುತ್ತಾ ತಗಡು ಸರಿಸಿದ. ಒಳಗೆ ಬಿಲ್ಲೆಯ ಮೇಲೆ ದುಂಡಗೆ ಕುಂಕುಮದ ಬೊಟ್ಟು. ಅವನಿಗೆ ನಗು ತಡೆಯಲಾಗಲಿಲ್ಲ. "ಇದೇ ಬ್ಯಾಟರಿ. ಇದು ಈಚೆ ಬಂದ್ರೆ ನಾವು ಹೇಳಿಕೊಟ್ಟಿದ್ದೆಲ್ಲ ಮರೆತುಬಿಡುತ್ತೆ, ಅಪಾಯವಿಲ್ಲದ ಕಮ್ಮಿ ವೇಗಕ್ಕೆ ಇಳಿದು ಕೂರುತ್ತೆ. ಪ್ರೊಸೆಸರ್ ನಾನು ಕೂರಿಸಿದ್ದೇ ಇದೆ, ಯಾರೂ ಕದ್ದಿಲ್ಲ."

ಕೀಲಿಮಣೆಯಲ್ಲಿ ನಾಲ್ಕು ಸಲ ಒತ್ತಿ, ಪ್ರೊಸೆಸರಿನ ಓಟಕ್ಕೆ ತಾಳ ಹಾಕುವ ಮೂಲ ವೇಗ ನೂರು ಇದ್ದದ್ದನ್ನು ನೂರ ಮೂವತ್ಮೂರು ಮಾಡಿದ. ಕಂಪ್ಯೂಟರ್ ಆರಿ ಹತ್ತಿತು. ಸಾವಿರದ ಆರುನೂರ ಅರವತ್ತೇಳು ಎಂದು ಆಶಾರಾಣಿ ಗಟ್ಟಿಯಾಗಿ ಓದಿದಳು, ಓದಿ ಅತ್ತೇಬಿಟ್ಟಳು.

ನಂಜಪ್ಪನವರ ಮುಖ ಸಣ್ಣಗಾಯಿತು. ಕೆಟ್ಟ ಮನುಷ್ಯರೇನಲ್ಲ, ದುಡುಕಿದ್ದರು. ಗೊಂಚಲನ್ನು ಎತ್ತಿ ತಾವೇ ಬಾಗಿಲವರೆಗೆ ತಂದರು.

"ತಗೋ ಜವರಣ್ಣ. ಮನಸ್ಸಿಗೆ ಹಚ್ಕೋಬೇಡ."

ಜವರಣ್ಣ ಕೈ ಚಾಚಲಿಲ್ಲ.

"ಬ್ಯಾಡಿ ಸಾ," ಎಂದ. "ಇವತ್ತೇನೋ ನಂಬ್ರು ಸಿಕ್ತು. ನಾಳೆ ಸಿಗದೇ ಇರೋದೇನಾದ್ರೂ ಕಳೆದೋದ್ರೆ? ನಂಗೆ ಹೆದರ್ಕೆ ಆಯ್ತದೆ ಸಾ."

ಹಾಗೆಂದು ಸಂಜೆಯ ಗಂಟೆ ಹೊಡೆಯಲು ಹೋದ. ನಂಜಪ್ಪ ಗೊಂಚಲು ಹಿಡಿದುಕೊಂಡು ಅಲ್ಲೇ ನಿಂತಿದ್ದರು. ಯಾವ ಬೀಗಕ್ಕೆ ಯಾವ ಕೈ ಎಂದು ಅವರಿಗೆ ಗೊತ್ತಿರಲಿಲ್ಲ.