ಹೊಸ ಕಾರಿನ ಹಳೆಯ ತಳ

ಅಣ್ಣ ಆ ಕಾರು ಕೊಂಡದ್ದು ತಂಗಿಯ ಮಾತು ನಂಬಿ. ಷೋರೂಮಿನವನು ಅದೇ ಕಾರಿನಲ್ಲಿ ಮೂರು ಬಗೆ ತೋರಿಸಿದ್ದ, ಅಣ್ಣ ಯಾವುದನ್ನೂ ನೆಟ್ಟಗೆ ನೋಡಿರಲಿಲ್ಲ. "ನಮ್ಮ ಹುಡುಗೀನೇ ಮಾಡಿದ ಕಾರು ಇರುವಾಗ ಬೇರೆಯವರದ್ದು ಯಾಕಪ್ಪಾ?" ಎಂದು ನಡುವಿನ ಬೆಲೆಯದಕ್ಕೆ ಸಹಿ ಹಾಕಿ ಬಂದಿದ್ದ. ಅದರಲ್ಲಿ ಹಾಡು, ಚಿತ್ರ ತೋರಿಸುವ ಅಂಗೈ ಅಗಲದ ಪರದೆ ಇತ್ತು, ಮಕ್ಕಳಿಬ್ಬರಿಗೂ ಖುಷಿ.

ತಂಗಿ ಕಾರು ಕಾರ್ಖಾನೆಯಲ್ಲಿ ಎಂಜಿನಿಯರ್. ಕಾರಿನಲ್ಲಿ ಯಾರ ಕಣ್ಣಿಗೂ ಬೀಳದ ಭಾಗ ಅವಳ ಪಾಲಿಗೆ ಬಂದಿತ್ತು. ಸೀಟು, ಎಂಜಿನ್ನು, ಚಕ್ರಗಳೆಲ್ಲ ಕೂರುವ ಉಕ್ಕಿನ ಹಾಸು ಅದು. ಕಾರ್ಖಾನೆಯವರು ಪ್ಲಾಟ್‌ಫಾರ್ಮ್ ಅನ್ನುತ್ತಿದ್ದರು, ಅವಳು ಮನೆಯಲ್ಲಿ ತಳ ಅನ್ನುತ್ತಿದ್ದಳು. ಅಣ್ಣ ಡ್ರೈವಿಂಗ್ ಕಲಿಸುವ ಮೇಷ್ಟ್ರು. ಹೊಸ ಶಿಷ್ಯರು ಸ್ಟಿಯರಿಂಗ್ ಹಿಡಿಯುವ ಮೊದಲೇ ಅವರಿಗೆ ತಂಗಿಯ ಪ್ರವರ ಶುರುವಾಗುತ್ತಿತ್ತು. ಗಂಡುಮಕ್ಕಳೇ ತುಂಬಿದ್ದ ಕಾಲೇಜಿನಲ್ಲಿ ಓದಿದ್ದು, ಕೆಲಸ ಸಿಕ್ಕಿದ್ದು, ಈಗ ಒಂದಿಡೀ ಕಾರನ್ನು ತಳದಿಂದ ಕಟ್ಟಿ ನಿಲ್ಲಿಸಿದ್ದು.

ಈ ಕೊನೆಯ ಮಾತಿಗೆ ಒಂದು ಹಿನ್ನೆಲೆ ಇತ್ತು. ಕಾರು ಮಾರುಕಟ್ಟೆಗೆ ಬರುವ ಮುನ್ನ ಪ್ರಚಾರ ವಿಭಾಗದವರು ಒಂದು ಪುಸ್ತಿಕೆ ತಂದು ಅವಳ ಮೇಜಿನ ಮೇಲಿಟ್ಟಿದ್ದರು. ತಾಂತ್ರಿಕ ವಿವರ ಸರಿಯಿದೆ ಎಂದು ಅವಳು ಸಹಿ ಹಾಕಬೇಕಿತ್ತು. ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ "ತಳದಿಂದ ತಾರಸಿಯವರೆಗೆ ಹೊಚ್ಚ ಹೊಸದು" ಎಂದಿತ್ತು. ತಾರಸಿ ಹೊಸದು ನಿಜ. ಬಾಗಿಲು, ದೀಪ, ಮೂತಿ ಎಲ್ಲ ಹೊಸವೇ. ತಳ ಮಾತ್ರ ಹದಿನಾರು ವರ್ಷದ ಹಿಂದಿನದು. ಅವಳು ಆ ಸಾಲಿನ ಸುತ್ತ ಪೆನ್ಸಿಲ್‌ನಲ್ಲಿ ಒಂದು ವೃತ್ತ ಹಾಕಿದಳು.

ಪ್ರಚಾರ ವಿಭಾಗದ ಮುಖ್ಯಸ್ಥ ನಯವಾದ ಮನುಷ್ಯ. ಕುರ್ಚಿ ಎಳೆದುಕೊಂಡು ಕೂತು ಕೇಳಿದ. "ಮೇಡಂ, ತಳದಲ್ಲಿ ನೀವು ಏನೂ ಬದಲಾಯಿಸಿಲ್ವಾ?"

"ಬದಲಾಯಿಸಿದ್ದೀವಿ. ಮೂವತ್ತು ಭಾಗ. ಮಿಕ್ಕ ಇನ್ನೂರು ಹಾಗೇ ಇದೆ."

"ಮೂವತ್ತು ಹೊಸದು ಅಂದ್ಮೇಲೆ ಹೊಸದು ತಾನೆ? ಕಾರು ಕೊಂಡವರು ಯಾರಾದರೂ ಕೆಳಗೆ ಮಲಗಿ ನೋಡ್ತಾರಾ?"

ಅವಳಿಗೂ ಒಂದು ನಗು ಬಂತು. ಆ ತಿಂಗಳು ಅವಳ ಬಡ್ತಿಯ ಕಾಗದ ಮೇಲಿನವರ ಮುಂದಿತ್ತು. ರಬ್ಬರ್ ತೆಗೆದು ವೃತ್ತ ಅಳಿಸಿ ಸಹಿ ಹಾಕಿದಳು. ಅಣ್ಣ ಕೇಳಿದಾಗಲೂ ಪುಸ್ತಿಕೆಯ ಮಾತನ್ನೇ ಹೇಳಿದಳು. ಒಮ್ಮೆ ಸಹಿ ಹಾಕಿದ ಸುಳ್ಳನ್ನು ಎರಡನೆಯ ಸಲ ಹೇಳುವಾಗ ನಾಲಿಗೆ ತಡವರಿಸುವುದಿಲ್ಲ.

ಮೂರು ತಿಂಗಳಾಗುತ್ತಲೇ ಅಣ್ಣನ ಕಾರಿನ ಹಿಂಭಾಗದಲ್ಲಿ ಏನೋ ಲಟಲಟ ಅನ್ನತೊಡಗಿತು. ಒಂದು ಭಾನುವಾರ ಬೆಳಿಗ್ಗೆ ಅವನು ತನ್ನ ಹಳೆಯ ಮೆಕ್ಯಾನಿಕ್ ಹತ್ತಿರ ಹೊರಟ. ಜೊತೆಗೆ ತಂಗಿಯನ್ನೂ ಕರೆದ. ಇಬ್ಬರು ಶಿಷ್ಯರನ್ನು ಹಿಂದಿನ ಸೀಟಿಗೆ ಹತ್ತಿಸಿಕೊಂಡಿದ್ದ, ಒಬ್ಬ ಬ್ಯಾಂಕಿನ ಗುಮಾಸ್ತ, ಒಬ್ಬಳು ಟೈಲರ್. ಕಾರಿನ ಅಡಿಭಾಗ ಹೇಗಿರುತ್ತದೆಂದು ಅವರಿಗೆ ತೋರಿಸುವ ಉಮೇದು ಅವನದು.

ಮೆಕ್ಯಾನಿಕ್ ಕಾರನ್ನು ಲಿಫ್ಟಿನ ಮೇಲೆ ಹತ್ತಿಸಿ ಆಳೆತ್ತರಕ್ಕೆ ಏರಿಸಿದ. ಅಣ್ಣ ಕೆಳಗೆ ನಿಂತು, ಕೈಯಲ್ಲಿದ್ದ ಸ್ಪ್ಯಾನರ್ ಅನ್ನು ಬೆತ್ತದ ಹಾಗೆ ಎತ್ತಿ ಪಾಠ ಶುರು ಮಾಡಿದ. "ನೋಡಿ, ಇದೇ ತಳ. ಇದೆಲ್ಲ ನಮ್ಮ ಹುಡುಗಿ ಬಿಳಿ ಹಾಳೆ ಮೇಲೆ ಮೊದಲಿಂದ ಬರೆದದ್ದು."

ಮೆಕ್ಯಾನಿಕ್ ಟಾರ್ಚ್ ಹಾಕಿ ಒಂದು ಸುತ್ತು ನೋಡಿದ. ಹಿಂದಿನ ಚಕ್ರದ ಬಳಿ ಬೆಳಕು ನಿಂತಿತು. ಅಲ್ಲಿ ಏನಕ್ಕೂ ಉಪಯೋಗವಿಲ್ಲದ ಒಂದು ಸಣ್ಣ ಕೊಕ್ಕೆ ಇತ್ತು. ಹಿಂದೆಂದೋ ಡೀಸೆಲ್ ಎಂಜಿನ್ನಿನ ಹೊಗೆಕೊಳವೆ ನೇತುಹಾಕಲು ಇಟ್ಟಿದ್ದ ಕೊಕ್ಕೆ. ಡೀಸೆಲ್ ಹೋಯಿತು, ಕೊಕ್ಕೆ ಉಳಿಯಿತು. ತೆಗೆಯಬೇಕೆಂದರೆ ಅಚ್ಚನ್ನೇ ತಿದ್ದಬೇಕು.

"ಅಯ್ಯೋ, ಈ ಮಹರಾಯ ಇನ್ನೂ ಬದುಕಿದಾನಾ?" ಎಂದ ಮೆಕ್ಯಾನಿಕ್. "ಮೇಷ್ಟ್ರೇ, ನಿಮ್ಮ ಸ್ಕೂಲಿನ ಹಳೇ ಕಾರಲ್ಲಿ ಈ ಕೊಕ್ಕೆ ನನ್ನ ತಲೆಗೆ ಎಷ್ಟು ಸಲ ಬಡಿದಿದೆ ಗೊತ್ತಾ? ಇಲ್ಲಿ ನೋಡಿ, ಅದೇ ಅಡ್ಡಪಟ್ಟಿ, ಅದೇ ನಾಲ್ಕು ತೂತು. ಹನ್ನೊಂದು ವರ್ಷ ಓಡಿಸಿ ಗುಜರಿಗೆ ಹಾಕಿದ್ರಲ್ಲಾ, ಅದೇ ಕಾರು ಬಣ್ಣ ಬಳ್ಕೊಂಡು ವಾಪಸ್ ಬಂದಿದೆ."

ಗುಮಾಸ್ತ ಕಿಸಕ್ಕೆಂದು ನಕ್ಕ. ಟೈಲರ್ ನಗಲಿಲ್ಲ. ಕೊಕ್ಕೆಯನ್ನೊಮ್ಮೆ, ಎಂಜಿನಿಯರ್ ಮೇಡಂ ಮುಖವನ್ನೊಮ್ಮೆ ನೋಡಿದಳು. ಅವಳೂ ಅದೇ ಕಾರಿಗೆ ಮುಂಗಡ ಕೊಡುವುದರಲ್ಲಿದ್ದಳು, ಮೇಷ್ಟ್ರ ಮಾತು ಕೇಳಿ.

ತಂಗಿಗೆ ಅಲ್ಲೇ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.  ಅಷ್ಟರಲ್ಲಿ ಅಣ್ಣ ಜೋರಾಗಿ ನಕ್ಕುಬಿಟ್ಟ. "ನನಗೆ ಗೊತ್ತಿಲ್ವೇನಯ್ಯಾ? ನಿನ್ನ ಕಣ್ಣು ಇನ್ನೂ ಚುರುಕಾಗಿದೆಯೋ ಇಲ್ವೋ ಅಂತ ನೋಡಿದೆ. ಸರಿ, ಲಟಲಟ ಎಲ್ಲಿಂದ, ಅದು ಹೇಳು."

ಅವನಿಗೆ ಗೊತ್ತಿರಲಿಲ್ಲ. ಅವನ ಕಿವಿಯ ತುದಿ ಕೆಂಪಾಗಿದ್ದು ತಂಗಿಗೆ ಕಾಣಿಸಿತು. ಜನ್ಮದಲ್ಲಿ ಒಬ್ಬ ಶಿಷ್ಯನಿಗೂ ಸುಳ್ಳು ಲೈಸೆನ್ಸ್ ಕೊಡಿಸದ ಮನುಷ್ಯ ಅವಳಿಗಾಗಿ ನಾಲ್ಕು ಜನರ ಮುಂದೆ ಸುಳ್ಳು ಹೇಳಿದ್ದ. ಅವನು ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು.

ಲಟಲಟಕ್ಕೆ ಕಾರಣ ಸಡಿಲವಾಗಿದ್ದ ಒಂದು ಬೋಲ್ಟು. ಐದು ನಿಮಿಷದ ಕೆಲಸ. ಅಣ್ಣ ಶಿಷ್ಯರನ್ನು ದಾರಿಯಲ್ಲಿ ಇಳಿಸಿ ತಂಗಿಯನ್ನು ತನ್ನ ಮನೆಗೆ ಕರೆತಂದ.

ಅತ್ತಿಗೆ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದಳು. ಅಣ್ಣ ಮೇಜಿನ ಮುಂದೆ ಕೂತು, "ಈಗ ಹೇಳು," ಎಂದ, ಅಷ್ಟೇ.

ಅವಳು ಹೇಳಿದಳು. ಹೊಸ ತಳವೊಂದನ್ನು ಮಾಡಲು ನಾಲ್ಕೈದು ವರ್ಷ ಬೇಕು. ಉಕ್ಕಿನ ಹಾಳೆ ಒತ್ತುವ ಅಚ್ಚುಗಳು ಒಂದೊಂದೂ ಈ ಅಡುಗೆಮನೆಯಷ್ಟು. ಆಮೇಲೆ ಗುದ್ದಿಸಿ ನೋಡುವ ಪರೀಕ್ಷೆ, ಭಾಗ ಸರಬರಾಜು ಮಾಡುವವರ ಯಂತ್ರಗಳು. "ಅಷ್ಟೆಲ್ಲ ಖರ್ಚನ್ನ ಕಡಿಮೆ ಬೆಲೆ ಕಾರಿನ ಮೇಲೆ ಹಾಕಿದ್ರೆ ಅದು ಕಡಿಮೆ ಬೆಲೆ ಕಾರಾಗಿ ಉಳಿಯಲ್ಲ ಅಣ್ಣಾ. ಅದಕ್ಕೇ ಹೊಸ ತಳ ಮೊದಲು ದುಬಾರಿ ಕಾರಿಗೆ. ಆ ಖರ್ಚು ಗಿಟ್ಟಿದ ಮೇಲೆ ಅದೇ ಅಚ್ಚಿಂದ ನಮ್ಮಂಥವರ ಕಾರು. ಒಂದೇ ತಳದ ಮೇಲೆ ನಾಲ್ಕು ಥರದ ಕಾರು ನಿಲ್ಲುತ್ತೆ. ಎಲ್ಲ ಕಂಪನಿಯವರೂ ಮಾಡ್ತಾರೆ. ರಿಪೇರಿಯವರಿಗೂ ಅದರ ನರನಾಡಿ ಗೊತ್ತಿರುತ್ತೆ."

"ಅಕ್ಕನ ಲಂಗ ತಂಗಿಗೆ," ಎಂದ ಅಣ್ಣ.

"ಹೂಂ."

"ಅದರಲ್ಲಿ ನಾಚಿಕೆ ಏನಿದೆ? ನಾವೆಲ್ಲ ಹಾಗೇ ಬೆಳೆದವರು. ನೀನು ಅದನ್ನ ಹೊಸ ಲಂಗ ಅಂದ್ಯಲ್ಲಾ, ಯಾಕೆ?"

 ಬಡ್ತಿ ಅನ್ನಬಹುದಿತ್ತು. ಅನ್ನಲು ಬಾಯಿ ಬರಲಿಲ್ಲ.

ಅತ್ತಿಗೆ ಕೈ ಒರೆಸಿಕೊಂಡು ಬಂದು ನಿಂತಳು. ಅವಳಿಗೆ ಲಂಗದ ಮಾತು ಬೇಕಿರಲಿಲ್ಲ. "ನಿನ್ನ ಕಾರು ಯಾವ ತಳದ್ದು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ತಂಗಿಯ ಕೈ ತನ್ನಷ್ಟಕ್ಕೆ ಕೀಲಿಯಿದ್ದ ಜೇಬಿಗೆ ಹೋಯಿತು. ಅವಳು ಕಂಪನಿಯ ರಿಯಾಯಿತಿಯಲ್ಲಿ ಕೊಂಡದ್ದು ಇನ್ನೊಂದು ಕಾರು. "ಹೊಸದು," ಎಂದಳು.

"ವ್ಯತ್ಯಾಸ ಏನು? ಸುಮ್ನೆ ಸಮಾಧಾನ ಹೇಳ್ಬೇಡ."

"ಮುಂದಿಂದ ಗುದ್ದಿದ್ರೆ ಅಂಥ ವ್ಯತ್ಯಾಸ ಇಲ್ಲ. ಪಕ್ಕದಿಂದ ಗುದ್ದಿದ್ರೆ ಹೊಸ ತಳ ಗಟ್ಟಿ. ಹಳೇ ತಳದ ಕಾರಿಗೆ ಪಕ್ಕದ ಏರ್‌ಬ್ಯಾಗು, ಗಾಳಿಚೀಲ, ಇದ್ರೆ ಸುಮಾರಾಗಿ ಸರಿಹೋಗುತ್ತೆ."

"ನಮ್ಮದರಲ್ಲಿ ಇದೆಯಾ?"

"ಇಲ್ಲ ಅತ್ತಿಗೆ. ಅದು ಮೇಲಿನ ಬೆಲೆಯ ಬಗೆಯಲ್ಲಿದೆ. ನೀವು ತಗೊಂಡಿದ್ದರಲ್ಲಿ ಪರದೆ ಇದೆ."

ಕೋಣೆಯೊಳಗಿಂದ ಮಕ್ಕಳು ಯಾವುದೋ ಆಟಕ್ಕೆ ಜಗಳವಾಡುವುದು ಕೇಳಿಸುತ್ತಿತ್ತು. ಕಾರು ಕೊಳ್ಳುವ ದಿನ ಷೋರೂಮಿನಿಂದ ಅಣ್ಣ ಫೋನ್ ಮಾಡಿದ್ದ. ಯಾವ ಬಗೆ ಅಂತ ಕೇಳಿದ್ದ. ಅವಳು ಮೀಟಿಂಗಿನ ಅವಸರದಲ್ಲಿ, ಎಲ್ಲ ಚೆನ್ನಾಗಿದೆ, ಯಾವುದಾದರೂ ತಗೋ ಅಂದಿದ್ದಳು.

ತಂಗಿ ಕೀಲಿ ತೆಗೆದು ಮೇಜಿನ ಮೇಲಿಟ್ಟಳು. "ನನ್ನದು ನೀವಿಟ್ಟುಕೊಳ್ಳಿ. ನಿಮ್ಮದು ನನಗೆ ಕೊಡಿ. ನಾನೊಬ್ಬಳೇ ಓಡಾಡೋದು."

"ಹುಚ್ಚಾ ನಿನಗೆ? ತಂಗಿ ಹತ್ತಿರ ಕಾರು ಕಿತ್ಕೊಂಡ ಅಂತ ಅನ್ನಿಸಿಕೊಳ್ಳಲಾ?" ಎಂದು ಅಣ್ಣ ಕೀಲಿಯನ್ನು ಅವಳ ಕಡೆ ತಳ್ಳಿದ.

ಅತ್ತಿಗೆ ಅದನ್ನು ಅರ್ಧದಾರಿಯಲ್ಲೇ ಎತ್ತಿಕೊಂಡಳು. "ಅಭಿಮಾನ ನಿಮ್ಮದು, ಮಕ್ಕಳು ನನ್ನವು," ಎಂದು ಸೆರಗಿಗೆ ಕಟ್ಟಿಕೊಂಡು ಒಳಗೆ ಹೋದಳು. ಅವಳು ತಂಗಿಗೆ ಒಂದು ಕಟುಮಾತೂ ಆಡಲಿಲ್ಲ. ಊಟಕ್ಕೆ ನಿಲ್ಲು ಅಂತಲೂ ಅನ್ನಲಿಲ್ಲ.

ಮಾರನೆಯ ದಿನ ತಂಗಿ ಅಣ್ಣನ ಕಾರಿನಲ್ಲೇ ಕೆಲಸಕ್ಕೆ ಹೋದಳು. ಎಂಜಿನಿಯರ್‌ಗಳು ಕಾರು ನಿಲ್ಲಿಸುವ ಸಾಲಿನಲ್ಲಿ ಆ ಜಾತಿಯ ಕಾರು ಅದೊಂದೇ. ಅವರೆಲ್ಲ ಸೇರಿ ಮಾಡಿದ ಕಾರು, ಒಬ್ಬರೂ ಕೊಂಡಿರಲಿಲ್ಲ. "ಏನು ಮೇಡಂ, ಪರೀಕ್ಷೆಗಾ?" ಎಂದು ಒಬ್ಬ ಕೇಳಿದ. "ಇಲ್ಲ, ನನ್ನದೇ," ಎಂದಳು. 

ಆಮೇಲೆ ಪ್ರಚಾರ ವಿಭಾಗಕ್ಕೆ ಹೋಗಿ, ಆ ಸಾಲು ತಪ್ಪು, ತಾನು ತಪ್ಪು ಸಹಿ ಹಾಕಿದ್ದೇನೆ, ಸಹಿ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದು ಬರೆದು ಕೊಟ್ಟಳು. ಮುಖ್ಯಸ್ಥ ಸಿಟ್ಟಾಗಲಿಲ್ಲ. ಎರಡನೆಯ ಮುದ್ರಣದಲ್ಲಿ ಸಾಲು ಬದಲಾಯಿತು: "ಲಕ್ಷಾಂತರ ಕುಟುಂಬಗಳು ಮೆಚ್ಚಿದ, ಹದಿನಾರು ವರ್ಷ ಪಳಗಿದ ತಳ." ಈಗ ಅದು ನಿಜವೇ ಆಗಿತ್ತು, ಮಾರಾಟವೂ ತುಸು ಏರಿತು. ಅವಳಿಗೆ ಮತ್ತಷ್ಟು ನಾಚಿಕೆಯಾಯಿತು. ನಿಜ ಹೇಳಿದ್ದರೆ ಯಾರಿಗೂ ನಷ್ಟವಿರಲಿಲ್ಲ ಎಂದಾಯಿತಲ್ಲ.

ಸಹಿ ಹಿಂದಕ್ಕೆ ತೆಗೆದುಕೊಂಡ ವಾರದ ಕೊನೆಗೇ ಅವಳು ಟೈಲರ್ ಅಂಗಡಿ ಹುಡುಕಿಕೊಂಡು ಹೋದಳು. ಮಿಷನ್ನಿನ ಮುಂದೆ ಮೊಣಕಾಲೆತ್ತರ ಬಟ್ಟೆ ಬಿದ್ದಿತ್ತು. ನಿಂತೇ ಎಲ್ಲ ಹೇಳಿದಳು: ತಳ ಹಳೆಯದು, ತಾನು ಹೊಸದೆಂದದ್ದು ಸುಳ್ಳು, ಮೇಷ್ಟ್ರಿಗೆ ಏನೂ ಗೊತ್ತಿರಲಿಲ್ಲ.

ಟೈಲರ್ ಸೂಜಿಗೆ ದಾರ ಪೋಣಿಸುತ್ತಲೇ ಕೇಳಿಸಿಕೊಂಡಳು. "ಅದೆಲ್ಲ ಇರಲಿ. ತಗೊಳ್ಳಲಾ ಬೇಡವಾ?"

"ತಗೊಳ್ಳಿ. ಈ ಬೆಲೆಗೆ ಬೇರೆ ಯಾವುದೂ ಇದಕ್ಕಿಂತ ಚೆನ್ನಾಗಿಲ್ಲ. ಆದ್ರೆ ಪರದೆ ಇರೋದು ಬೇಡ. ಇನ್ನೂ ನಾಲ್ಕು ತಿಂಗಳು ಕೂಡಿಟ್ಟಾದ್ರೂ ಪಕ್ಕದ ಗಾಳಿಚೀಲ ಇರೋದನ್ನೇ ತಗೊಳ್ಳಿ."

"ಇಷ್ಟೇನಾ?"

"ಇಷ್ಟೇ."

"ಇಷ್ಟನ್ನ ಹೇಳೋಕೆ ಏನು ಕಷ್ಟ ಇತ್ತು ಮೇಡಂ ನಿಮಗೆ?" ಟೈಲರ್ ನಿಜಕ್ಕೂ ತಿಳಿದುಕೊಳ್ಳಲೆಂದೇ ಕೇಳಿದ್ದಳು. ಉತ್ತರಕ್ಕಾಗಿ ಕೈಯ ಕೆಲಸ ನಿಲ್ಲಿಸಿ ಕಾದಳು.  ಆಮೇಲೆ ಸ್ಟೂಲಿನ ಮೇಲಿದ್ದ ಬಟ್ಟೆ ಸರಿಸಿ, "ಕೂತ್ಕೊಳ್ಳಿ," ಎಂದು ಮತ್ತೆ ಹೊಲಿಯತೊಡಗಿದಳು.