ತಿರುಗಿ ಕೊಡಬೇಕಾದ ಹೆಪ್ಪು

ಈ ಕಥೆಯನ್ನು ಮೊದಲು ಹೇಳಿದವಳು ಆಸ್ಪತ್ರೆಯ ಬಟ್ಟೆ ಒಗೆಯುವ ಹಿರಿಯ ಹೆಂಗಸು. ಯುದ್ಧ ಮುಗಿದ ಮರುವರ್ಷದ ಚಳಿಗಾಲದ ಒಂದು ಮಧ್ಯಾಹ್ನ, ಹಗ್ಗದ ಮೇಲಿನ ಚಾದರಗಳು ಒಣಗಲೆಂದು ಕಾಯುತ್ತಿದ್ದಾಗ. ಕೇಳಿದವರು ಅವಳ ಜೊತೆಕೆಲಸದ ಹೆಂಗಸರು.

ಒಂದು ದಂಡಿನಲ್ಲಿ ಒಬ್ಬ ಅಡುಗೆಯವನಿದ್ದ. ಅವನ ಅಳಿಯನೂ ಅದೇ ದಂಡಿನ ಸಿಪಾಯಿ. ಅಳಿಯ ಕರೆಯುವುದನ್ನು ಕೇಳಿ ಕೇಳಿ ದಂಡಿಗೆ ದಂಡೇ ಅವನನ್ನು ಮಾವ ಎನ್ನುತ್ತಿತ್ತು. ಹೆಣ್ಣು ಕೊಟ್ಟದ್ದು ಒಬ್ಬನಿಗೆ, ಉಣ್ಣಿಸುವುದು ನೂರು ಅಳಿಯಂದಿರಿಗೆ ಎಂದು ಅವನೂ ನಗುತ್ತಿದ್ದ. ಆದರೆ ಹೊರಡುವಾಗ ಬಸುರಿ ಮಗಳು ಆಡಿದ್ದು ಒಂದೇ ಮಾತು: "ಅಪ್ಪ, ಇಬ್ಬರು ಹೋಗ್ತಿದ್ದೀರಿ, ಇಬ್ಬರೂ ಬನ್ನಿ." ಅದು ಅವನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು.

ಚಳಿಗಾಲದಲ್ಲಿ ಬರುವ ಹೊಸ ವರ್ಷದ ಹಬ್ಬ ಎರಡೂ ಪಾಳಯಕ್ಕೆ ಒಂದೇ. ಬಂದೂಕುಗಳಿಗೆ ಅಂದು ರಜೆ ಎಂದು ಎರಡು ಕಡೆಯ ದಳಪತಿಗಳೂ ಒಪ್ಪಿದರು. ಮರುದಿನ ಹೊತ್ತು ಹುಟ್ಟುತ್ತಲೇ ದಾಳಿ. ಮೊದಲ ಸಾಲಿನಲ್ಲಿ ಅಳಿಯ.

ಹಬ್ಬದ ಮಧ್ಯಾಹ್ನ ನಡುಬಯಲಿನಲ್ಲಿ ಎಲ್ಲರೂ ತಟ್ಟೆ ಹಿಡಿದು ಕೂತರು. ಮೊದಮೊದಲು ಯಾರ ಕಣ್ಣೂ ತಟ್ಟೆ ಬಿಟ್ಟು ಮೇಲೇಳಲಿಲ್ಲ. ಎದುರು ಪಾಳಯದ ಅಡುಗೆಯವನು, ಬೋಳುತಲೆಯವನು, ಮೊಸರು ಬಡಿಸುತ್ತ ಬಂದು ಅಳಿಯನ ಮುಂದೆ ನಿಂತ.

"ಇನ್ನೊಂದು ಸೌಟು ಹಾಕ್ಲಾ ತಮ್ಮಾ? ಇಷ್ಟು ಸಣಕಲಾದ್ರೆ ನಮ್ಮವರು ಗುರಿ ಇಡೋದಾದ್ರೂ ಹೇಗೆ?"

"ಹಾಕಣ್ಣ. ನಮಗೆ ಆ ಕಷ್ಟ ಇಲ್ಲ ಬಿಡು, ನಿನ್ನ ತಲೆ ದೂರದಿಂದಲೇ ಹೊಳೆಯುತ್ತೆ."

ಬೋಳನೇ ಮೊದಲು ನಕ್ಕ. ಆಮೇಲೆ ಬಯಲೆಲ್ಲ ನಕ್ಕಿತು. ಮಾವನ ದಳಪತಿಯೂ ಎರಡು ಸಲ ಬಡಿಸಿಕೊಂಡ.

ಊಟ ಮುಗಿದಾಗ ಮಾವನ ಹಂಡೆಯಲ್ಲಿ ಹಾಲು ಉಳಿದಿತ್ತು. ಅವನ ಮೊಸರಿನ ಗಡಿಗೆ ಹಿಂದಿನ ವಾರ ಗುಂಡು ತಗುಲಿ ಚೂರಾಗಿತ್ತು. ಬಟ್ಟಲು ಹಿಡಿದು ಬೋಳನ ಬಳಿ ಹೋದ.

"ಒಂಚೂರು ಹೆಪ್ಪು ಇದ್ರೆ ಕೊಡಿ ಅಣ್ಣ."

ಬೋಳ ತಳ ಕೆರೆದು ಕೊಟ್ಟ. "ನಿಯಮ ಗೊತ್ತಲ್ಲ? ಮೊಸರಾದ ಮೇಲೆ ಒಂದು ಬಟ್ಟಲು ತಿರುಗಿ ಬರ್ಬೇಕು. ಇಲ್ಲಾಂದ್ರೆ ಎರಡು ಮನೆ ಹಾಲೂ ಒಡೆಯುತ್ತೆ."

"ಗೊತ್ತಿಲ್ದೆ ಏನು? ನಮ್ಮಮ್ಮನೂ ಅದನ್ನೇ ಹೇಳ್ತಿದ್ಲು."

ಅರ್ಧ ಬಯಲು ದಾಟಿದವನ ಕಾಲು ತಾನಾಗಿ ನಿಂತಿತು. ಹಾಲು ಮೊಸರಾಗುವುದು ರಾತ್ರಿ ಕಳೆದ ಮೇಲೆ. ಅಡುಗೆಯ ಕಡೆಗೆ ಹೋಗುತ್ತಿದ್ದವನು ನೇರ ದಳಪತಿಯ ಡೇರೆಗೆ ನಡೆದ.

"ಸ್ವಾಮಿ, ನಾಳೆ ನಾನು ಆ ಕಡೆ ಹೋಗ್ಬೇಕು. ಹೆಪ್ಪು ತಿರುಗಿ ಕೊಡೋದಿದೆ."

"ನಾಳೆ ದಾಳಿ ಮಾವ. ಆಮೇಲೆ ಕೊಡು."

"ಆಮೇಲೆ ಯಾರ ಕೈಗೆ ಕೊಡ್ಲಿ?"

ದಳಪತಿ ಮೀಸೆಗೆ ಕೈ ಹಾಕಿದ. ಬೋಳ ಬಡಿಸಿದ ಮೊಸರು ಅವನ ಮೀಸೆಯ ತುದಿಯಲ್ಲಿ ಇನ್ನೂ ಒಣಗಿರಲಿಲ್ಲ. ಕೊನೆಗೆ, "ಮೊಸರು ಆಗೋವರೆಗೆ. ಒಂದು ಗಳಿಗೆ ಹೆಚ್ಚಿಲ್ಲ," ಎಂದು ಆಚೆಗೆ ಹೇಳಿಕಳಿಸಿದ. ಆಚೆಯ ದಳಪತಿಯೂ ಹೂಂ ಎಂದ.

ಸಂಜೆ ಅಳಿಯ ತನ್ನ ಕಂಬಳಿಯನ್ನು ಹೆಪ್ಪು ಹಾಕಿದ ಹಂಡೆಗೆ ಹೊದಿಸಲು ಬಂದ. "ಈ ಚಳಿಗೆ ಮೊಸರು ಆಗಲ್ಲ ಮಾವ."

"ಕೈ ತೆಗೀರಿ ಅಳಿಯಂದ್ರೇ. ಮಗಳನ್ನ ಕೊಟ್ಟಿದ್ದು ಸಾಲ್ದು ಅಂತ ಬುದ್ಧೀನೂ ನಾನೇ ಕೊಡ್ಬೇಕಾ? ಕಂಬಳಿ ನೀವೇ ಹೊದ್ಕೊಳ್ಳಿ."

ಬೆಳಗಾಯಿತು, ಹಾಲು ಹಾಲೇ. ಎರಡೂ ಕಡೆಯ ಸಿಪಾಯಿಗಳು ಬಂದು ಬಂದು ಹಂಡೆಗೆ ಇಣುಕಿ, ಮುಖ ಅರಳಿಸಿಕೊಂಡು ಹಿಂದಿರುಗಿದರು. ದಳಪತಿಯೂ ಬೆರಳು ಅದ್ದಿ, "ಇನ್ನೂ ನೀರು ನೀರು," ಎಂದು ಬಹು ಗಂಭೀರವಾಗಿ ನುಡಿದ. ಹೀಗೆ ಎಷ್ಟು ದಿನ ಕಳೆಯಿತೆಂಬಲ್ಲಿ ಹೇಳುವವರಲ್ಲಿ ಒಮ್ಮತವಿಲ್ಲ. ಒಗೆಯುವ ಹೆಂಗಸು ಮೂರು ಎಂಬುದನ್ನೇ ಗಟ್ಟಿಯಾಗಿ ಹಿಡಿದಳು.

ಆಗಲೇಬೇಕಲ್ಲ, ಆಯಿತು. ಮೊದಲ ಸಾಲಿನವರು ಬಂದೂಕು ಒರೆಸಿಕೊಳ್ಳತೊಡಗಿದರು. ಮಾವ ಅತ್ತ ತಿರುಗಿ ನೋಡದೆ, ಬಟ್ಟಲು ತುಳುಕದಂತೆ ಬಯಲು ದಾಟಿದ.

ಬೋಳ ರುಚಿ ನೋಡಿದ. "ನಮ್ಮದು ಹಬ್ಬದಲ್ಲೇ ಖಾಲಿ ಆಯ್ತು. ನಮ್ಮ ಹಾಲಿಗೂ ಈಗ ಇದೇ ಹೆಪ್ಪು," ಎಂದು ಇಡೀ ಬಟ್ಟಲನ್ನು ತನ್ನ ಗಡಿಗೆಗೆ ಸುರಿದ. "ಅಂದ್ಮೇಲೆ ಇಸ್ಕೊಂಡವನು ನಾನಾದೆ. ತಂದುಕೊಡೋ ಸರದಿ ನನ್ನದು. ನಿಮ್ಮ ದಳಪತಿಗೆ ಹೇಳಿ."

"ಬೇಗ ಆಗುತ್ತಾ?"

"ನಮ್ಮ ಕಡೆ ಚಳಿ ಇನ್ನೂ ಜಾಸ್ತಿ."

ಹೆಂಗಸು ಇಲ್ಲಿಗೆ ನಿಲ್ಲಿಸಿದಳು. "ಅಳಿಯ ಏನಾದ ಅಕ್ಕ?" ಎಂದಳು ಒಬ್ಬಳು.

"ಮಗು ಹುಟ್ಟಿ ಹಲ್ಲು ಮೂಡೋ ಹೊತ್ತಿಗೆ ರಾಜಿಗೆ ದೊಡ್ಡವರ ಸಹಿ ಬಿತ್ತು. ಅಲ್ಲೀವರೆಗೆ ಆ ಬಯಲಲ್ಲಿ ಓಡಾಡಿದ್ದು ಬಟ್ಟಲು ಮಾತ್ರ. ಮಾವ, ಅಳಿಯ ಇಬ್ಬರೂ ಮನೆ ಸೇರಿದ್ರು."

ಚಾದರಗಳು ಒಣಗಿದ್ದವು. ಹೆಂಗಸರು ಇಬ್ಬಿಬ್ಬರಾಗಿ ಅಂಚು ಹಿಡಿದು ಮಡಚಿಟ್ಟು, ಮನೆಯ ದಾರಿ ಹಿಡಿದರು.